ಅರ್ಬಿಯ ನೀರಿಗೆ ಇಳಿಯುವ ಮೊದಲು ಕಾಲು ನೋಡಿಕೊಳ್ಳಿ

ಮಳೆಗಾಲದಲ್ಲಿ ಮಣಿಪಾಲಕ್ಕೆ ಬಂದವರನ್ನು ಯಾರಾದರೂ ಅರ್ಬಿ ಜಲಪಾತಕ್ಕೆ ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ಪೇಟೆಗೆ ಹತ್ತಿರ, ಹತ್ತುವ ಇಳಿಯುವ ಕಷ್ಟ ಜಾಸ್ತಿ ಇಲ್ಲ. ಮಳೆ ನಿಂತ ಕೆಲವು ತಿಂಗಳಿಗೆ ನೀರು ಬತ್ತುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಡಲು ನಿಜಕ್ಕೂ ಚೆಂದ. ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಕಾಲಿನಲ್ಲಿ ಗಾಯ ಇಟ್ಟುಕೊಂಡು ನೀರಿಗೆ ಇಳಿಯಬೇಡಿ, ಇಳಿದ ಮೇಲೆ ಜ್ವರ ಬಂದರೆ ಸುಮ್ನೆ ಕೂರಬೇಡಿ, ಇಷ್ಟನ್ನು ಹೇಳಲಿಕ್ಕೆ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಓದುವ ನನ್ನ ಚಿಕ್ಕಮ್ಮನ ಮಗ ಕಳೆದ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ನಮ್ಮ ಮನೆಗೆ ಬಂದಿದ್ದ. ಅರ್ಬಿಗೆ ಹೋದೆವು. ಬಂಡೆಯ ಮೇಲೆ ಪಾಚಿ ಇತ್ತು, ಚಪ್ಪಲಿ ಜಾರುತ್ತದೆ ಎಂದು ಎಲ್ಲರಂತೆ ಅವನೂ ಬಿಚ್ಚಿಟ್ಟ. ನೀರಿಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಕೂಗಿದ. ಬಿಯರ್ ಬಾಟಲಿಯ ಚೂರು ಪಾದಕ್ಕೆ ನೆಟ್ಟಿತ್ತು. ಕುಡಿದವರು ಬಂಡೆಗೆ ಬಡಿದು ಒಡೆದ ಬಾಟಲಿ ನೀರಿನ ತಳದಲ್ಲಿ ಕೂತಿರುತ್ತದೆ. ಮಳೆಯ ಕೆಂಪು ನೀರಿನಲ್ಲಿ ಅದು ಕಾಣುವುದೇ ಇಲ್ಲ. ಮಕ್ಕಳು ಆಡುವ ಜಾಗದಲ್ಲಿ ಹೀಗೆ ಮಾಡಲು ಇವರಿಗೆ ಮನಸ್ಸಾದರೂ ಹೇಗೆ ಬರುತ್ತದೆ?

ಗಾಯ ದೊಡ್ಡದೇನೂ ಅಲ್ಲ. ರಕ್ತ ನಿಂತಿತು, ಔಷಧಿ ಅಂಗಡಿಯಲ್ಲಿ ಪಟ್ಟಿ ಹಾಕಿಸಿದೆವು, ಟಿಟಿ ಚುಚ್ಚಿಸಿದೆವು. ಅವನು ಖುಷಿಯಲ್ಲೇ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋದ. ನಮಗೆಲ್ಲ ಗಾಯದ ಚಿಂತೆ ಇತ್ತೇ ಹೊರತು ನೀರಿನ ಚಿಂತೆ ಯಾರಿಗೂ ಇರಲಿಲ್ಲ.

ವಾರ ಕಳೆದ ಮೇಲೆ ಜ್ವರ ಬಂತು. ಚಳಿ, ತಲೆನೋವು, ಮೈಕೈ ನೋವು. ಹತ್ತಿರದ ಕ್ಲಿನಿಕ್ಕಿನಲ್ಲಿ ವೈರಲ್ ಜ್ವರ ಎಂದು ಪ್ಯಾರಾಸಿಟಮಾಲ್ ಕೊಟ್ಟರು. ಜ್ವರ ಇಳಿಯಲಿಲ್ಲ. ರಕ್ತ ನೋಡಿದಾಗ ಪ್ಲೇಟ್‌ಲೆಟ್ ಇಳಿದಿತ್ತು, ಹಾಗಾಗಿ ಎಲ್ಲರೂ ಡೆಂಗ್ಯೂ ಎಂದೇ ಅಂದುಕೊಂಡರು. ಡೆಂಗ್ಯೂ ಟೆಸ್ಟ್ ನೆಗೆಟಿವ್ ಬಂತು. ಇನ್ನೊಮ್ಮೆ ನೋಡೋಣ ಎಂದರು. ಅಷ್ಟರಲ್ಲಿ ಮೂತ್ರ ಕಡಿಮೆಯಾಯಿತು, ಕಣ್ಣು ಮೊದಲು ಕೆಂಪಾಗಿ ಆಮೇಲೆ ಹಳದಿಯಾಯಿತು.

ಚಿಕ್ಕಮ್ಮ ಗಾಬರಿಯಲ್ಲಿ ನಮ್ಮ ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ಮೊದಲು ಕೇಳಿದ್ದು ಎರಡೇ ಮಾತು: ಮೀನಖಂಡ ಒತ್ತಿದರೆ ನೋವಾಗುತ್ತದಾ? ಅವನು ನೀರಿಗೆ ಇಳಿದದ್ದನ್ನು ಡಾಕ್ಟರಿಗೆ ಹೇಳಿದ್ದೀರಾ? ಮೀನಖಂಡ ಮುಟ್ಟಲಿಕ್ಕೇ ಬಿಡುತ್ತಿರಲಿಲ್ಲವಂತೆ. ನೀರಿನ ವಿಷಯ ಯಾರೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ನಮ್ಮ ಕಡೆ ಗದ್ದೆ ಕೆಲಸ ಮಾಡುವವರ ಮನೆಗಳಲ್ಲಿ ಈ ಪ್ರಶ್ನೆ ಎಲ್ಲರಿಗೂ ಗೊತ್ತು. ಇದು ಇಲಿಜ್ವರ. ದೊಡ್ಡ ಆಸ್ಪತ್ರೆಗೆ ಸೇರಿಸಿ ಪರೀಕ್ಷೆ ಮಾಡಿದಾಗ ಅದೇ ಎಂದು ಗೊತ್ತಾಯಿತು. ಐಸಿಯು, ಡಯಾಲಿಸಿಸ್ ಎಲ್ಲ ಆಯಿತು. ಚಿಕ್ಕಮ್ಮ ಚಿನ್ನ ಅಡವಿಟ್ಟರು. ಹುಡುಗ ಉಳಿದ, ಕಿಡ್ನಿಯೂ ಮೊದಲಿನಂತಾಯಿತು. ಆದರೆ ಒಂದು ಸೆಮಿಸ್ಟರ್ ಹೋಯಿತು, ಸುಸ್ತು ಮಾತ್ರ ಬಹಳ ಕಾಲ ಬಿಡಲಿಲ್ಲ.

ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಜ್ವರ ಇದು. ಇಲಿ, ಹೆಗ್ಗಣಗಳ ಕಿಡ್ನಿಯಲ್ಲಿ ಇರುತ್ತದೆ, ದನ, ನಾಯಿ, ಹಂದಿಗಳಲ್ಲೂ ಇರಬಹುದು. ಮೂತ್ರದ ಜೊತೆ ಹೊರಗೆ ಬಂದು ಮಳೆನೀರಿನಲ್ಲಿ ಸೇರುತ್ತದೆ. ಕಾಲಿನ ಗಾಯದಿಂದ, ಕಣ್ಣು, ಮೂಗು, ಬಾಯಿಯಿಂದ ನಮ್ಮ ಮೈಗೆ ಬರುತ್ತದೆ. ಬಿಸಿಲಿಗೆ, ಒಣಗಿದ ಜಾಗದಲ್ಲಿ ಬೇಗ ಸಾಯುತ್ತದೆ. ನೆರಳು, ತೇವ, ಸ್ವಲ್ಪ ಬೆಚ್ಚಗಿನ ಸಿಹಿನೀರು ಇದ್ದರೆ ವಾರಗಟ್ಟಲೆ ಬದುಕುತ್ತದೆ. ಜಲಪಾತದ ಕೆಳಗಿನ ನೆರಳು ನಮಗೆ ಎಷ್ಟು ಹಿತವೋ ಅದಕ್ಕೂ ಅಷ್ಟೇ ಹಿತ.

ಹರಿಯುವ ನೀರು ಶುದ್ಧ ಎಂದು ನಾವು ನಂಬಿದ್ದೇವೆ. ಆದರೆ ಊರಿನ ಪಕ್ಕದ ಇಂಥ ಜಲಪಾತದ ನೀರು ದಟ್ಟ ಕಾಡಿನಿಂದ ಇಳಿದು ಬರುವುದಲ್ಲ. ಮಣಿಪಾಲ ಇರುವುದು ಮುರಕಲ್ಲಿನ ಗುಡ್ಡದ ಮೇಲೆ. ಜೋರು ಮಳೆ ಬಂದರೆ ರಸ್ತೆ, ಅಂಗಳ, ಚರಂಡಿ ಎಲ್ಲವನ್ನೂ ತೊಳೆದುಕೊಂಡು ನೀರು ತಗ್ಗಿನ ತೋಡುಗಳಿಗೆ ಇಳಿಯುತ್ತದೆ. ಹಳ್ಳಿಯ ಕಡೆಯ ಸಣ್ಣ ಜಲಪಾತಗಳಲ್ಲಿ ದನದ ಹಟ್ಟಿ, ಗದ್ದೆ, ಅಡಿಕೆ ತೋಟದ ನೀರು ಹೀಗೇ ಸೇರುತ್ತದೆ. ಹಾಗಾಗಿ ಇದು ಅರ್ಬಿ ಒಂದರ ಮಾತಲ್ಲ. ಉಡುಪಿ, ಮಂಗಳೂರು, ಕುಂದಾಪುರದ ಸುತ್ತ ಮಳೆಗಾಲದಲ್ಲಿ ನೀರಿಗೆ ಇಳಿಯುವ ಯಾವ ಜಾಗಕ್ಕೂ ಇದು ಸಲ್ಲುತ್ತದೆ.

ಪ್ರವಾಸಿಗರು ಇನ್ನೊಂದು ವಿಷಯ ತಿಳಿದಿರಬೇಕು. ಜ್ವರ ಬರುವುದು ನೀರಿಗೆ ಇಳಿದ 2ರಿಂದ 30 ದಿನಗಳ ಒಳಗೆ, ಹೆಚ್ಚಿನವರಿಗೆ 5ರಿಂದ 14 ದಿನಗಳಲ್ಲಿ. ಅಷ್ಟು ಹೊತ್ತಿಗೆ ನೀವು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ದುಬೈಯಲ್ಲೋ ಇರುತ್ತೀರಿ. 2000ರಲ್ಲಿ ಮಲೇಷ್ಯಾದ ಸಬಾದಲ್ಲಿ ಇಕೋ-ಚಾಲೆಂಜ್ ಎಂಬ ಸಾಹಸ ಸ್ಪರ್ಧೆ ನಡೆಯಿತು. ಅಲ್ಲಿನ ಸೆಗಾಮಾ ನದಿಯಲ್ಲಿ ಈಜಿದ ಎಷ್ಟೋ ಜನರಿಗೆ ಇದೇ ಜ್ವರ ಬಂತು, ಅದೂ ತಮ್ಮ ತಮ್ಮ ದೇಶಕ್ಕೆ ಮರಳಿದ ಮೇಲೆ. ಕರಾವಳಿಯ ಡಾಕ್ಟರಿಗೆ ಆಗಸ್ಟ್ ತಿಂಗಳಿನಲ್ಲಿ ಕಣ್ಣು ಕೆಂಪಾದವರನ್ನು ನೋಡಿದ ಕೂಡಲೇ ಇಲಿಜ್ವರದ ನೆನಪಾಗುತ್ತದೆ. ಬೇರೆ ಊರಿನ ಡಾಕ್ಟರಿಗೆ ನೀವು ಹೇಳದೆ ಅದು ಹೇಗೆ ಹೊಳೆಯಬೇಕು, ಅಲ್ವಾ?

ಅದಕ್ಕೇ ಬಾಯಿಬಿಟ್ಟು ಹೇಳಿ: ಇಂಥ ದಿನ ಕರಾವಳಿಯಲ್ಲಿ ನೀರಿಗೆ ಇಳಿದಿದ್ದೆ, ಕಾಲಿನಲ್ಲಿ ಗಾಯ ಇತ್ತು. ಬೇಗ ಗೊತ್ತಾದರೆ ಚಿಕಿತ್ಸೆ ಸುಲಭ, ಡಾಕ್ಸಿಸೈಕ್ಲಿನ್ ಅಥವಾ ಪೆನ್ಸಿಲಿನ್ ತರಹದ ಹಳೆಯ ಔಷಧಿಗಳೇ ಕೆಲಸ ಮಾಡುತ್ತವೆ. ಮೊದಲ ಕೆಲವು ದಿನ ಇಲಿಜ್ವರದ ರಕ್ತಪರೀಕ್ಷೆಯೂ ನೆಗೆಟಿವ್ ಬರಬಹುದು. ಆದ್ದರಿಂದ ಒಂದು ರಿಪೋರ್ಟ್ ನೋಡಿ ನಿರಾಳವಾಗಬೇಡಿ. ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಉಸಿರಿಗೆ ಕಷ್ಟವಾದರೆ ರಾತ್ರಿಯೇ ಆದರೂ ದೊಡ್ಡ ಆಸ್ಪತ್ರೆಗೆ ಓಡಿ. ಮುನ್ನೆಚ್ಚರಿಕೆಗೆಂದು ನೀವೇ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಬೇಡಿ. ಅದು ಎಲ್ಲರಿಗೂ ಆಗುವುದಿಲ್ಲ, ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಮೊದಲೇ ಕೂಡದು. ಡಾಕ್ಟರನ್ನು ಕೇಳಿ.

ನೀರಿಗೆ ಇಳಿಯಲೇಬೇಕು ಎಂದಾದರೆ ಪಾದ ಪೂರ್ತಿ ಮುಚ್ಚುವ, ಹಿಡಿತ ಇರುವ ಶೂ ಹಾಕಿ. ಹವಾಯಿ ಚಪ್ಪಲಿ ಬೇಡ. ನೀರು ಬಾಯಿಗೆ ಹೋಗಲು ಬಿಡಬೇಡಿ. ಕಾಲಿನಲ್ಲಿ ಬಿರುಕು, ಚಪ್ಪಲಿ ಕಚ್ಚಿದ ಗಾಯ, ಇಂಬಳ ಕಚ್ಚಿ ಕೆರೆದ ಗಾಯ ಇದ್ದರೆ ಬಂಡೆಯ ಮೇಲೆ ನಿಂತು ನೋಡಿ ಬನ್ನಿ. ಒಳಗೆ ಹೋದ ಮೇಲೆ ಗಾಯವಾದರೆ ಕೂಡಲೇ ಹೊರಗೆ ಬಂದು ಕುಡಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ಮತ್ತೆ ಇಳಿಯಬೇಡಿ. ಹೋದ ತಾರೀಕನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ತಿಂಗಳವರೆಗೆ ಅಳಿಸಬೇಡಿ.