ಎಷ್ಟು ಸಲ ಇಳಿದಿರಿ? ಪುಣೆಯ ನಾಲ್ಕು ರಸ್ತೆಗಳ ಹೋಲಿಕೆ

ಇದು ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಶುರುವಾದ ಜಗಳ. ಪಕ್ಕದಲ್ಲಿ ಕೂತಿದ್ದವರು ಪುಣೆಯಲ್ಲಿ ನಲವತ್ತು ವರ್ಷದಿಂದ ಹೋಟೆಲ್ ನಡೆಸುತ್ತಿರುವ ಕುಂದಾಪುರ ಕಡೆಯ ಶೆಟ್ಟರು. "ಫುಟ್‌ಪಾತ್ ಅಗಲ ಮಾಡಿದ್ರೆ ಗಿರಾಕಿ ಗಾಡಿ ಎಲ್ಲಿ ನಿಲ್ಲಿಸ್ಬೇಕು ಮಾರಾಯ್ರೇ?" ಅಂದರು. ಎದುರಿಗಿದ್ದ ಐಟಿ ಹುಡುಗ ಪೇಟೆ ಬೀದಿಗಳನ್ನು ಗಾಡಿಗಳಿಗೆ ಪೂರ್ತಿ ಬಂದ್ ಮಾಡಬೇಕು ಅಂದ. ಇನ್ನೊಬ್ಬರು, ಬಂದ್ ಎಲ್ಲ ಬೇಡ, ಸೈಕಲ್‌ಗೆ ಬೇರೆ ಟ್ರ್ಯಾಕ್ ಕೊಟ್ಟರೆ ಸಾಕು ಅಂದರು. ಹೋಳಿಗೆ ಬರುವ ಹೊತ್ತಿಗೆ ಎಲ್ಲರ ದನಿಯೂ ಏರಿತ್ತು. ಮಜಾ ಅಂದರೆ ಆ ಪಂಕ್ತಿಯಲ್ಲಿ ಸೈಕಲ್ ಮೇಲೆ ಬಂದವನು ನಾನೊಬ್ಬನೇ.

ಇವರು ಹೇಳಿದ್ದೆಲ್ಲ ಪುಣೆಯಲ್ಲಿ ಎಲ್ಲೋ ಒಂದು ಕಡೆ ಆಗಿಯೇ ಇದೆಯಲ್ಲ, ಹೋಗಿ ನೋಡಿದರಾಯಿತು ಅನ್ನಿಸಿತು. ಚಳಿಗಾಲ ಕಳೆಯಲು ಧಾರವಾಡದಿಂದ ಅವ್ವ ಬಂದಿದ್ದಳು. ಮೊಣಕಾಲಿನ ಆಪರೇಷನ್ ಆಗಿ ಒಂದು ವರ್ಷ, ಕೈಯಲ್ಲಿ ಕೋಲು. ನಡೆಯುವ ಪರೀಕ್ಷೆಗೆ ಅವಳು, ತುಳಿಯುವ ಪರೀಕ್ಷೆಗೆ ನಾನು. ಲೆಕ್ಕ ಒಂದೇ: ಎಷ್ಟು ಸಲ ಇಳಿಯಬೇಕಾಯಿತು? ಅವ್ವ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿದರೆ ಒಂದು. ನಾನು ಸೈಕಲ್ ಮೇಲಿಂದ ಕಾಲು ನೆಲಕ್ಕೆ ಕೊಟ್ಟರೆ ಒಂದು. ಸಿಗ್ನಲ್ ಲೆಕ್ಕಕ್ಕಿಲ್ಲ.

ಮೊದಲು ಜೆ.ಎಂ. ರೋಡ್, ಅಂದರೆ ಜಂಗಲಿ ಮಹಾರಾಜ್ ರಸ್ತೆ. 1976ರಲ್ಲಿ ಮಾಡಿದ ಈ ರಸ್ತೆಗೆ ದಶಕಗಟ್ಟಲೆ ಗುಂಡಿಯೇ ಬೀಳಲಿಲ್ಲ ಅನ್ನುವುದು ಪುಣೆಕರರ ಹೆಮ್ಮೆ. ಯಾರ ಮನೆಗೆ ಹೋದರೂ ಈ ಕಥೆ ಕೇಳಬೇಕು. ನಡೆಯುವವರಿಗೆ ಮಾತ್ರ ರಸ್ತೆ ಬದಲಾಗಿದ್ದು ಬಹಳ ಆಮೇಲೆ. 2016ರಲ್ಲಿ ಊರಿನ ರಸ್ತೆ ವಿನ್ಯಾಸಕ್ಕೆ ಹೊಸ ಮಾರ್ಗಸೂಚಿ ಬಂತು. ಅದರ ಹಿಂದೆಯೇ ಇಲ್ಲಿ ಗಾಡಿಗಳ ಜಾಗ ಕತ್ತರಿಸಿ ಫುಟ್‌ಪಾತ್ ಅಗಲ ಮಾಡಿದರು. ಬೆಂಚು ಹಾಕಿದರು, ಮಕ್ಕಳಿಗೆ ಆಟದ ಸಾಮಾನು ಇಟ್ಟರು, ಮರಗಳನ್ನು ಉಳಿಸಿಕೊಂಡರು.

ಅವ್ವನಿಗೆ ಮೊದಲ ಹತ್ತು ನಿಮಿಷ ಖುಷಿಯೋ ಖುಷಿ. ಬೆಂಚಿನ ಮೇಲೆ ಕೂತಳು, ಎದ್ದಳು, ಮತ್ತೊಂದರ ಮೇಲೆ ಕೂತಳು. ಪಾತಾಳೇಶ್ವರದ ಗುಹೆ ಗುಡಿಗೆ ಹೋಗಿ ಕೈಮುಗಿದು ಬಂದಳು. ಎಂಟನೇ ಶತಮಾನದ ಗುಡಿ ಅಂದೆ. "ನಮ್ಮ ಬಾದಾಮಿಯಷ್ಟ ಚಂದ ಇಲ್ಲ ಬಿಡು" ಅಂದಳು. ಒಂದೆರಡು ಗೇಟಿನ ಮುಂದೆ ಫುಟ್‌ಪಾತ್ ಇಳಿಯದೆ ಅದೇ ಎತ್ತರದಲ್ಲಿ ಮುಂದುವರಿದಿತ್ತು. ಅಲ್ಲಿ ಹತ್ತಿ ಇಳಿಯುವುದು ಕಾರಿನ ಪಾಡು. ಅವ್ವ ಅದನ್ನು ಗಮನಿಸಲೇ ಇಲ್ಲ, ಮಾತಾಡುತ್ತಾ ದಾಟಿಬಿಟ್ಟಳು. ಒಳ್ಳೆ ಫುಟ್‌ಪಾತ್ ಅಂದರೆ ಹಾಗೇ ಇರಬೇಕು, ಅಲ್ವಾ?

ತಕರಾರು ಶುರುವಾಗಿದ್ದು ಪಕ್ಕದ ರಸ್ತೆ ಬಂದು ಸೇರುವ ಮೂಲೆಯಲ್ಲಿ. ರಸ್ತೆಗಳ ಅಳತೆ-ಗುಣಮಟ್ಟ ಹೇಳುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ನಿಯಮದ ಪ್ರಕಾರ ಫುಟ್‌ಪಾತಿನ ಅಂಚು 150 ಮಿ.ಮೀ.ಗಿಂತ ಎತ್ತರ ಇರಬಾರದು. ಹೆಚ್ಚುಕಡಿಮೆ ಒಂದು ಗೇಣು ಇಲ್ಲ, ಮುಕ್ಕಾಲು ಗೇಣು. ನನಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಹೊಸ ಮೊಣಕಾಲಿಗೆ ಅದೊಂದು ಮೆಟ್ಟಿಲು, ಹಿಡಿದುಕೊಳ್ಳಲು ಕಟಕಟೆ ಇಲ್ಲದ ಮೆಟ್ಟಿಲು. ನಾಲ್ಕನೇ ಸಲ ಇಳಿಸಿ ಹತ್ತಿಸಿದಾಗ ಅವ್ವ ನಿಂತೇಬಿಟ್ಟಳು. "ಹಿಂಗ ಏರೂದು ಇಳಿಯೂದು ಆದ್ರ ರಸ್ತಾದಾಗ ನಡದ್ರ ಏನ್ ತಪ್ಪು?"

ಇಳಿಜಾರು ಮಾಡಿದ ಕಡೆ ಇನ್ನೊಂದು ಪೀಕಲಾಟ. ಗಾಲಿಕುರ್ಚಿ ಹತ್ತುವಂತಿದ್ದರೆ ಸ್ಕೂಟರ್ ಕೂಡ ಹತ್ತುತ್ತದೆ. ತಡೆಯಲೆಂದು ಗಿಡ್ಡ ಕಂಬ ನೆಡುತ್ತಾರೆ. ಕಂಬಗಳ ನಡುವೆ ಗಾಲಿಕುರ್ಚಿ ಹಾಯುವಷ್ಟು ಜಾಗ ಬಿಟ್ಟರೆ ಸ್ಕೂಟರ್ ಹ್ಯಾಂಡಲ್ ಕೂಡ ಹಾಯುತ್ತದೆ. ಒತ್ತೊತ್ತಾಗಿ ನೆಟ್ಟರೆ ಇಬ್ಬರೂ ಹೊರಗೆ. ನಮ್ಮ ಹಿಂದೆ ಫುಟ್‌ಪಾತ್ ಮೇಲೆ ಬಂದ ಸ್ಕೂಟರಿನವನು ಬಹಳ ಮರ್ಯಾದೆಯಿಂದ "ಆಜಿ, ಜರಾ ಬಾಜೂಲಾ" ಅಂದ. ಅಜ್ಜಿ, ಸ್ವಲ್ಪ ಪಕ್ಕಕ್ಕೆ. ಎಲ್ಲದಕ್ಕೂ ಚುಚ್ಚುವ ಬೋರ್ಡು ಬರೆದು ನೇತುಹಾಕುವ ಪುಣೆಯವರು ಇದಕ್ಕೆ ಇನ್ನೂ ಯಾಕೆ ಬರೆದಿಲ್ಲವೋ ಗೊತ್ತಿಲ್ಲ.

ರಸ್ತೆ ದಾಟುವುದು ಇನ್ನೂ ಕಷ್ಟ. ಸಿಗ್ನಲ್ ಲೆಕ್ಕ ಹಾಕುವವರು ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂತ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 14 ಮೀಟರ್ ಅಗಲದ ರಸ್ತೆಗೆ 12 ಸೆಕೆಂಡ್ ಸಾಕು. ಮನೆ ಅಂಗಳದಲ್ಲಿ ಟೇಪು ಹಿಡಿದು ಅವ್ವನ ನಡಿಗೆ ಅಳೆದೆ: 10 ಮೀಟರಿಗೆ 16 ಸೆಕೆಂಡ್. ಅಂದರೆ 14 ಮೀಟರಿಗೆ 22ರ ಮೇಲೆ. ಉಳಿದ ಹತ್ತು ಸೆಕೆಂಡ್ ಅವಳು ನಡುರಸ್ತೆಯಲ್ಲಿ ಏನು ಮಾಡಬೇಕು? ಜೆ.ಎಂ. ರೋಡ್ ಒಮ್ಮುಖ ಬೇರೆ, ಎದುರಿನಿಂದ ಗಾಡಿ ಬರುವ ಭಯ ಇಲ್ಲದ ಕಡೆ ಎಲ್ಲರೂ ಜೋರಾಗಿಯೇ ಬರುತ್ತಾರೆ. ಅವ್ವನ ಲೆಕ್ಕ ಇಲ್ಲಿ ಆರು. ಸೈಕಲ್‌ಗೆ ಫುಟ್‌ಪಾತಿಗೆ ಅಂಟಿಕೊಂಡೇ ದಾರಿ ಇದೆ. ನುಣ್ಣಗಿರುವುದರಿಂದ ನಡೆಯುವವರೂ ಅದರ ಮೇಲೆಯೇ ನಡೆಯುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಎರಡು ಸಲ ಗಂಟೆ ಬಾರಿಸಿದೆ. ಮೂರನೇ ಸಲ ನನಗೇ ನಾಚಿಕೆಯಾಗಿ ರಸ್ತೆಗೆ ಇಳಿದೆ.

ಲಕ್ಷ್ಮಿ ರೋಡಿನದು ಬೇಗ ಹೇಳಿ ಮುಗಿಸುತ್ತೇನೆ. 2021ರಿಂದ ಡಿಸೆಂಬರ್ 11ನ್ನು ಪುಣೆಯಲ್ಲಿ ಪಾದಚಾರಿ ದಿನ ಅಂತ ಆಚರಿಸುತ್ತಾರೆ. ಅವತ್ತು ಈ ಸೀರೆ-ಬಂಗಾರದ ಬೀದಿಯ ಒಂದು ಭಾಗಕ್ಕೆ ಗಾಡಿ ಬಿಡುವುದಿಲ್ಲ. ಅವ್ವನ ಲೆಕ್ಕ ಸೊನ್ನೆ. ನಡುರಸ್ತೆಯಲ್ಲಿ ಕೋಲು ಬೀಸಿಕೊಂಡು ನಡೆದಳು. ಎರಡು ಗಂಟೆ, ಎರಡು ಸೀರೆ, ಒಂದು ಸ್ಟೀಲಿನ ಡಬ್ಬಿ. ಗಾಡಿ ಬಂದ್ ಆದರೆ ವ್ಯಾಪಾರ ಸತ್ತಂತೆ ಅನ್ನುವ ಶೆಟ್ಟರಿಗೆ ಬಿಲ್ ತೋರಿಸಬೇಕು ಅಂತ ಜೇಬಿನಲ್ಲಿಟ್ಟುಕೊಂಡೆ. ಆದರೆ ರಿಕ್ಷಾದವನು ನಮ್ಮನ್ನು ಇಳಿಸಿದ್ದು ಎಷ್ಟೋ ದೂರದಲ್ಲಿ. ಅಲ್ಲಿಂದ ಬೀದಿ ಮುಟ್ಟುವವರೆಗಿನ ನಡಿಗೆಯೇ ಅವ್ವನಿಗೆ ಜಾಸ್ತಿಯಾಯಿತು. ಪಕ್ಕದ ಕುಮಠೇಕರ್ ರೋಡಿನಲ್ಲಿ ಹಾರ್ನೋ ಹಾರ್ನು. ಡಬ್ಬಿಯ ಮುಚ್ಚಳ ಸರಿ ಕೂರುತ್ತಿಲ್ಲ ಅಂತ ಮರುದಿನ ಬದಲಾಯಿಸಲು ಹೋದರೆ, ನಾವು ನಡೆದಿದ್ದ ಜಾಗದಲ್ಲಿ ಕಾಲಿಡಲೂ ಆಗಲಿಲ್ಲ.

ಮೂರನೆಯದು ಸಾತಾರಾ ರೋಡಿನ ಸೈಕಲ್ ಟ್ರ್ಯಾಕ್. ಇದಕ್ಕೆ ಅವ್ವನನ್ನು ಕರೆದುಕೊಂಡು ಹೋಗಲಿಲ್ಲ, ಪುಣ್ಯ. ದೇಶದ ಮೊದಲ ಬಿಆರ್‌ಟಿ, ಅಂದರೆ ಬಸ್ಸಿಗೇ ಮೀಸಲಾದ ರಸ್ತೆ, ಶುರುವಾಗಿದ್ದು 2006ರಲ್ಲಿ ಇದೇ ಕಾತ್ರಜ್–ಸ್ವಾರಗೇಟ್–ಹಡಪ್ಸರ್ ದಾರಿಯಲ್ಲಿ. ಅದರ ಜೊತೆಗೇ ಬದಿಯಲ್ಲಿ ಸೈಕಲ್‌ಗೂ ಜಾಗ ಬಿಟ್ಟರು. ಧನಕವಡಿಯಲ್ಲಿ ಅತ್ತಿಗೆ ಮನೆ ಇರುವುದರಿಂದ ನನಗೆ ಈ ದಾರಿ ಹಳೆಯದು. ಆದರೂ ಟ್ರ್ಯಾಕ್ ಬಿಡದೆ ಹೋಗುತ್ತೇನೆ ಅಂತ ಹಟ ಹಿಡಿದು ಹೋಗಿದ್ದು ಇದೇ ಮೊದಲು. ನಿಲ್ಲಿಸಿದ ಟೆಂಪೋ, ಕಬ್ಬಿನ ಹಾಲಿನ ಗಾಡಿ, ವಿದ್ಯುತ್ ಡಬ್ಬ, ಬಸ್ ಸ್ಟಾಪು. ಪದ್ಮಾವತಿ ಬರುವ ಹೊತ್ತಿಗೆ ಹನ್ನೊಂದು ಸಲ ಕಾಲು ಕೊಟ್ಟಿದ್ದೆ. ಆಮೇಲೆ ಎಣಿಸುವುದು ಬಿಟ್ಟೆ.

ಅಡ್ಡ ನಿಂತ ಟೆಂಪೋವನ್ನು ಓಡಿಸಬಹುದು. ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆ. ಎರಡು ಚೌಕಗಳ ನಡುವೆ ಟ್ರ್ಯಾಕ್ ನಮ್ಮನ್ನು ಕಾಪಾಡುತ್ತದೆ, ನಿಜ. ಚೌಕ ಬರುತ್ತಲೇ ಅದು ಮುಗಿದುಹೋಗುತ್ತದೆ. ಎಡಕ್ಕೆ ತಿರುಗುವ ಬಸ್ಸು ಬರುವುದೂ ಅಲ್ಲೇ. ಅಷ್ಟು ಹೊತ್ತು ಗೋಡೆಯಾಚೆ ಇದ್ದವನು ದಿಢೀರಂತ ಬಸ್ಸಿನ ಮುಂದೆ ಹೋಗಿ ಬೀಳುತ್ತೇನೆ, ಡ್ರೈವರ್‌ಗೆ ನಾನು ಇದ್ದೆ ಅನ್ನುವುದೇ ಗೊತ್ತಿರುವುದಿಲ್ಲ. ಮೊದಲಿನಿಂದ ರಸ್ತೆಯಲ್ಲೇ ತುಳಿದಿದ್ದರೆ ಕನ್ನಡಿಯಲ್ಲಾದರೂ ಕಾಣುತ್ತಿದ್ದೆ. 2017ರ ಸೈಕಲ್ ಯೋಜನೆಯಲ್ಲಿ 800 ಕಿ.ಮೀ.ಗೂ ಹೆಚ್ಚು ಟ್ರ್ಯಾಕ್ ಲೆಕ್ಕ ಹಾಕಿದ್ದಾರೆ. ಚೌಕದಲ್ಲಿ ಹೀಗೆ ಕೈಬಿಡುವ 800ಕ್ಕಿಂತ ಚೌಕ ದಾಟಿಸುವ 80 ಸಿಕ್ಕರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಅದೇ 2017ರ ಡಿಸೆಂಬರಿನಲ್ಲಿ ಬಾಡಿಗೆ ಸೈಕಲ್‌ಗಳೂ ಬಂದಿದ್ದವು. ಮೊಬೈಲಿನಲ್ಲಿ ಬೀಗ ತೆಗೆದು ಓಡಿಸಬಹುದಿತ್ತು, ಆಫೀಸಿಗೆ ನಾಲ್ಕು ತಿಂಗಳು ಅದರಲ್ಲೇ ಹೋದೆ. ಕೆಲವೇ ವರ್ಷದಲ್ಲಿ ಎಲ್ಲ ಮಾಯ. ಸೀಟಿಲ್ಲದ ಒಂದು ಸೈಕಲ್ ನಮ್ಮ ಬಿಲ್ಡಿಂಗಿನ ಹಿಂದೆ ಬಹಳ ದಿನ ಬಿದ್ದಿತ್ತು.

ಕೊನೆಯದಕ್ಕೆ ಯಾರೂ ಏನೂ ಕಟ್ಟಿಲ್ಲ. ಪ್ರಭಾತ್ ರೋಡ್ ಮತ್ತು ಭಾಂಡಾರ್ಕರ್ ರೋಡಿನ ನಡುವಿನ ನಂಬರ್ ಹಾಕಿದ ಗಲ್ಲಿಗಳು. ಎರಂಡವಣೆಯ ನಮ್ಮ ಮನೆಯಿಂದ ಡೆಕ್ಕನ್ ಕಡೆಗೆ ಕರ್ವೆ ರೋಡ್ ಬಿಟ್ಟು ಈ ಗಲ್ಲಿಗಳಲ್ಲೇ ತುಳಿದೆ. ನಾಲ್ಕು ನಿಮಿಷ ಜಾಸ್ತಿ ಹಿಡಿಯಿತು. ಕಾಲು ಕೊಟ್ಟಿದ್ದು ಒಂದೇ ಸಲ, ಅದೂ ನಾಯಿಗೆ. ಟ್ರ್ಯಾಕ್ ಇಲ್ಲ, ಬಣ್ಣ ಇಲ್ಲ, ಬೋರ್ಡಿಲ್ಲ. ಗಲ್ಲಿ ಕಿರಿದು, ಮೇಲೆ ಮರ, ಎದುರು ಕಾರು ಬಂದರೆ ಇಬ್ಬರೂ ನಿಧಾನಿಸಲೇಬೇಕು. ಗಾಡಿ ಗಂಟೆಗೆ 20 ಕಿ.ಮೀ.ನಲ್ಲಿ ಹೋಗುವಾಗ ನನಗೆ ಬೇರೆ ದಾರಿ ಯಾಕೆ ಬೇಕು? ನಡೆಯುವವರು, ಸೈಕಲ್, ಗಾಡಿ ಎಲ್ಲ ಬೆರೆಯುವ ಕಡೆ 30ರ ಮಿತಿ ಇರಲಿ ಅಂತ 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ದೇಶಗಳು ಒಪ್ಪಿಕೊಂಡಿದ್ದೂ ಇದೇ ಕಾರಣಕ್ಕೆ. ಅವ್ವ ಇಲ್ಲಿ ಬೆಳಗ್ಗೆ ನಡುಬೀದಿಯಲ್ಲೇ ನಡೆದಳು. ಇಳಿಯಲು ಫುಟ್‌ಪಾತೇ ಹತ್ತಿರಲಿಲ್ಲ, ಹಾಗಾಗಿ ಲೆಕ್ಕ ಸೊನ್ನೆ. ಇದು ಮೋಸದ ಲೆಕ್ಕ ಅಂತ ಹೆಂಡತಿ ಅಂದಳು. ಇರಬಹುದು.

ಸಂಜೆ ಹೋದರೆ ಕಥೆಯೇ ಬೇರೆ. ದೊಡ್ಡ ರಸ್ತೆ ಜಾಮ್ ಆದ ಕೂಡಲೇ ಮೊಬೈಲ್ ಮ್ಯಾಪ್ ಎಲ್ಲರನ್ನೂ ಈ ಗಲ್ಲಿಗೇ ಕಳಿಸುತ್ತದೆ. ಸಂಜೆ ಆರೂವರೆಗೆ ನನ್ನ ಲೆಕ್ಕ ಒಂದರಿಂದ ಐದಕ್ಕೆ ಏರಿತು. ಇದಕ್ಕೆ ಬೇಕಾಗಿರುವುದು ಕೋಟಿ ಅಲ್ಲ, ಗಲ್ಲಿಯ ಒಂದು ತುದಿಗೆ ನಾಲ್ಕು ದೊಡ್ಡ ಹೂಕುಂಡ. ಕಾರು ಒಳಗೆ ಬರಬಹುದು, ಆಚೆ ದಾಟಿ ಹೋಗಲಾಗದು. ಸೈಕಲ್ ಮತ್ತು ಕೋಲು ಹಿಡಿದ ಅವ್ವ ದಾಟಬಹುದು. ಪುಣೆಗೆ ಇದು ಹೊಸದೂ ಅಲ್ಲ. ಡೆಕ್ಕನ್ ಹತ್ತಿರದ ಝಡ್ ಬ್ರಿಜ್ ಮೇಲೆ ಕಾರು ಬಿಡುವುದೇ ಇಲ್ಲ, ಅದರಿಂದ ಯಾರ ಬದುಕೂ ನಿಂತಿಲ್ಲ.

ಹಾಗಾಗಿ ಸೈಕಲ್‌ಗೆ ನನ್ನ ಓಟು ಗಲ್ಲಿಗೆ, ಹೂಕುಂಡದ ಸಮೇತ. ಅವ್ವನಂಥವರಿಗೆ ಜೆ.ಎಂ. ರೋಡ್, ಮೂಲೆಗಳನ್ನು ಆ ಗೇಟುಗಳ ಹಾಗೆ ಮಟ್ಟಸ ಮಾಡಿದರೆ. ಶೆಟ್ಟರಿಗೆ ಸೀರೆ ಬಿಲ್ ತೋರಿಸಿದೆ. ಓದಿ, ಮಡಚಿ ವಾಪಸ್ ಕೊಟ್ಟರು. "ಅದೆಲ್ಲ ಸರಿ. ನನ್ನ ಹಾಲಿನ ಕ್ಯಾನು ಬೆಳಗ್ಗೆ ಐದಕ್ಕೆ ಹೇಗೆ ಬರ್ಬೇಕು?" ಐದರಿಂದ ಏಳರವರೆಗೆ ಸಾಮಾನಿನ ಗಾಡಿ ಬಿಡೋಣ ಅಂದೆ. ಎಂಟು ಮಾಡಿ ಅಂದರು.

ಅವ್ವ ಸಂಕ್ರಾಂತಿ ಮುಗಿಸಿ ಊರಿಗೆ ಹೊರಟಳು. ರೈಲು ಹತ್ತಿಸುವಾಗ ಕೋಲು ನನ್ನ ಕೈಗೆ ಕೊಟ್ಟು, ಕಂಬಿ ಹಿಡಿದು ಮೇಲೇರಿ, ತಿರುಗಿ ಹೇಳಿದ್ದು: "ಮುಂದಿನ ವರ್ಷ ಡಿಸೆಂಬರ್ ಹತ್ತಕ್ಕ ಟಿಕೀಟ್ ತೆಗಿ. ಆ ಸೀರೀ ಬೀದ್ಯಾಗ ಇನ್ನೊಂದ್ ಅರ್ಧಾ ನೋಡೂದ್ ಉಳದತಿ."