ಡಾಟ್ ಕಾಮ್, ಡಾಟ್ ಇನ್, ಡಾಟ್ ಭಾರತ: ಮೂರನ್ನೂ ಬಳಸಿ ನೋಡಿದ ಮೇಲೆ

ಊರಿನ ಮಟ್ಟದ ಚಿಕ್ಕ ವ್ಯಾಪಾರಕ್ಕೆ ಒಂದೇ ಡೊಮೇನ್ (ಸೈಟಿನ ವಿಳಾಸದ ಹೆಸರು) ಸಾಕು ಅಂದರೆ ನನ್ನ ಮತ ಡಾಟ್ ಇನ್‌ಗೆ. ಸಾಗರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ನಮ್ಮ ಅತ್ತಿಗೆಗೆ ಒಂದೇ ಹೆಸರನ್ನು ಡಾಟ್ ಕಾಮ್, ಡಾಟ್ ಇನ್ ಮತ್ತು ಕನ್ನಡ ಲಿಪಿಯ ಡಾಟ್ ಭಾರತದಲ್ಲಿ ಕೊಡಿಸಿ, ಮೂರನ್ನೂ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಕೊಡಿಸಿದೆ ಅಂದೆ, ಆದರೆ ಡೊಮೇನ್ ಯಾವತ್ತೂ ಬಾಡಿಗೆಯೇ. ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ಡಾಟ್ ಕಾಮ್ ಹೆಸರುಗಳ ಪಟ್ಟಿಯನ್ನು ಅಮೆರಿಕದ ವೆರಿಸೈನ್ ಕಂಪನಿ ನೋಡಿಕೊಳ್ಳುತ್ತದೆ. ಡಾಟ್ ಇನ್ ಮತ್ತು ಡಾಟ್ ಭಾರತ ಎರಡೂ ನಮ್ಮ ದೇಶದ ನಿಕ್ಸಿ ಎಂಬ ಸಂಸ್ಥೆಯ ಕೈಯಲ್ಲಿವೆ. ನಾವು ಹಣ ಕಟ್ಟುವುದು ಇವರಿಗಲ್ಲ, ನಡುವೆ ನಿಂತು ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಕಂಪನಿಗೆ.

ಕೆಲಸ ಮಾಡುವ ರೀತಿ ಮೂರರಲ್ಲೂ ಒಂದೇ. ಗಿರಾಕಿ ಹೆಸರು ಟೈಪ್ ಮಾಡಿದಾಗ ಅವರ ಇಂಟರ್ನೆಟ್ ಕಂಪನಿಯ ಸರ್ವರ್ ಮೊದಲು ಎಲ್ಲ ಬಾಲಗಳ ಲೆಕ್ಕ ಇಟ್ಟಿರುವ ರೂಟ್ ಸರ್ವರನ್ನು ಕೇಳುತ್ತದೆ: ಡಾಟ್ ಇನ್ ಪಟ್ಟಿ ಯಾರ ಹತ್ತಿರ ಇದೆ? ಅಲ್ಲಿಂದ ನಿಕ್ಸಿಯ ಸರ್ವರ್, ಅಲ್ಲಿಂದ ನಮ್ಮ ಹೆಸರಿನ ವಿವರ ಇಟ್ಟಿರುವ ನೇಮ್‌ಸರ್ವರ್, ಕೊನೆಗೆ ಸೈಟ್ ಇರುವ ಕಂಪ್ಯೂಟರಿನ ಐಪಿ ವಿಳಾಸ, ಅಂದರೆ ಅದರ ಸಂಖ್ಯೆ. ಸಿಕ್ಕ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವುದರಿಂದ ಪ್ರತಿ ಸಲ ಇಷ್ಟು ಓಡಾಟ ಇರುವುದಿಲ್ಲ. ಡಾಟ್ ಕಾಮ್ ಆದರೆ ಸೈಟ್ ಬೇಗ ತೆರೆಯುತ್ತದೆ ಅನ್ನುವುದೆಲ್ಲ ಸುಮ್ನೆ.

ವ್ಯತ್ಯಾಸ ಗೊತ್ತಾಗುವುದು ಫೋನಿನಲ್ಲಿ ಹೆಸರು ಹೇಳುವಾಗ. ಅಂಗಡಿ ಹೆಸರು ಹೇಳಿ ಬಾಲ ಹೇಳುವ ಮೊದಲೇ ಜನ ಡಾಟ್ ಕಾಮ್ ಅಂತ ಒತ್ತಿಬಿಡುತ್ತಾರೆ. ಬೆರಳಿಗೆ ಅದೇ ರೂಢಿ. ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾಗಿದ್ದು 1985ರಲ್ಲಿ, ಡಾಟ್ ಇನ್ ಎಲ್ಲರಿಗೂ ಸಲೀಸಾಗಿ ಸಿಗತೊಡಗಿದ್ದು 2005ರಲ್ಲಿ. ಇಷ್ಟು ವರ್ಷಗಳ ಅಂತರ ಸುಲಭಕ್ಕೆ ಹೋಗುತ್ತಾ? ಆದರೆ ಅದೇ ಕಾರಣಕ್ಕೆ ಡಾಟ್ ಕಾಮ್‌ನಲ್ಲಿ ಚಿಕ್ಕ, ಚೊಕ್ಕ ಹೆಸರುಗಳು ಉಳಿದಿಲ್ಲ. ಅತ್ತಿಗೆಗೆ ಬೇಕಿದ್ದ ಮೊದಲ ಹೆಸರು ಡಾಟ್ ಕಾಮ್‌ನಲ್ಲಿ ಯಾರೋ ಹಿಡಿದಿಟ್ಟಿದ್ದರು, ಡಾಟ್ ಇನ್‌ನಲ್ಲಿ ಖಾಲಿ ಇತ್ತು. ಮೂರರಲ್ಲೂ ಸಿಗಲಿ ಅಂತ ಕೊನೆಗೆ ಹೆಸರನ್ನೇ ಉದ್ದ ಮಾಡಬೇಕಾಯಿತು.

ಇನ್ನೊಂದು ತಲೆನೋವು ಇಂಗ್ಲಿಷ್ ಸ್ಪೆಲ್ಲಿಂಗ್. ಅಪ್ಪೆಮಿಡಿಗೆ ಒಬ್ಬರು ಒಂದು ಪಿ ಹಾಕುತ್ತಾರೆ, ಒಬ್ಬರು ಎರಡು, ಇನ್ನೊಬ್ಬರು ನಡುವೆ ಗೆರೆ ಹಾಕುತ್ತಾರೆ. ಡಾಟ್ ಭಾರತ ಗೆದ್ದಿದ್ದು ಇಲ್ಲೇ. ಕನ್ನಡದಲ್ಲಿ ಬರೆಯುವ ಬಗೆ ಒಂದೇ, ಕೇಳಿದ ಹಾಗೆ ಟೈಪ್ ಮಾಡಿದರೆ ಆಯಿತು. ಫೋನಿನಲ್ಲಿ ಕನ್ನಡ ಕೀಲಿಮಣೆ ಇರುವ ಹಿರಿಯ ಗಿರಾಕಿಗಳು ಇದನ್ನೇ ಇಷ್ಟಪಟ್ಟರು.

ಆದರೆ ಅದರ ಕಷ್ಟಗಳೂ ಜಾಸ್ತಿ. ಹೆಸರಿನಿಂದ ವಿಳಾಸ ಹುಡುಕುವ ಆ ವ್ಯವಸ್ಥೆಯ (ಡಿಎನ್‌ಎಸ್) ಒಳಗೆ ಕನ್ನಡ ಅಕ್ಷರ ಹಾಗೇ ಹೋಗುವುದಿಲ್ಲ. ಪ್ಯೂನಿಕೋಡ್ ಎಂಬ ರೂಪಕ್ಕೆ ಬದಲಾಗಿ, ಎಕ್ಸ್ ಎನ್ ಮತ್ತು ಎರಡು ಗೆರೆಗಳಿಂದ ಶುರುವಾಗುವ ಅಕ್ಷರಮಾಲೆಯಾಗುತ್ತದೆ. ಬ್ರೌಸರಿನಿಂದ ವಿಳಾಸ ಕಾಪಿ ಮಾಡಿ ಕಳಿಸಿದರೆ ಎಷ್ಟೋ ಸಲ ಆ ವಿಚಿತ್ರ ಸಾಲೇ ಹೋಗುತ್ತದೆ. ವೈರಸ್ ಲಿಂಕಾ ಅಂತ ಕೇಳಿದವರಿದ್ದಾರೆ! ಕೆಲವು ಫಾರ್ಮ್‌ಗಳಂತೂ ಇದನ್ನು ವಿಳಾಸವೆಂದೇ ಒಪ್ಪಲಿಲ್ಲ. ಈ ಹೆಸರಲ್ಲಿ ಇಮೇಲ್ ನಡೆಸಬೇಕೆಂದರೆ ಎದುರಿನವರ ಮೇಲ್ ಸರ್ವರೂ ಕನ್ನಡ ವಿಳಾಸವನ್ನು ಒಪ್ಪಬೇಕು. ಬಿಲ್ ಕಳಿಸುವ ವ್ಯಾಪಾರಕ್ಕೆ ಅಷ್ಟು ನಂಬಿಕೆ ಇಡಲಾರೆ. ಇದನ್ನು ಮಾರುವ ರಿಜಿಸ್ಟ್ರಾರ್‌ಗಳೂ ಕಡಿಮೆ.

ದುಡ್ಡಿನ ವಿಷಯಕ್ಕೆ ಬಂದರೆ, ಮೊದಲ ವರ್ಷದ ದರ ನೋಡಲೇಬೇಡಿ. ನವೀಕರಣದ ದರ ನೋಡಿ. ನಾವು ತಗೊಂಡ ಕಂಪನಿಯ ಜಾಹೀರಾತಿನಲ್ಲಿ ಡಾಟ್ ಕಾಮ್ ತೀರಾ ಅಗ್ಗ, ಎರಡನೇ ವರ್ಷದ ಬಿಲ್ ಅದರ ಹಲವು ಪಟ್ಟು. ವೆರಿಸೈನ್‌ನ ಸಗಟು ದರವೇ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಯಿತು. ಅದರ ಮೇಲೆ ರಿಜಿಸ್ಟ್ರಾರ್ ಲಾಭ, ತೆರಿಗೆ. ನಮಗೆ ಡಾಟ್ ಇನ್ ನವೀಕರಣ ಇದಕ್ಕಿಂತ ಕಡಿಮೆಗೆ ಆಯಿತು. ದರ ಹಿಡಿಸದಿದ್ದರೆ ಬೇರೆ ರಿಜಿಸ್ಟ್ರಾರ್‌ಗೆ ಹೋಗಬಹುದು, ಆದರೆ ಡಾಟ್ ಕಾಮ್ ಹೊಸದಾಗಿ ತಗೊಂಡರೆ ಸಾಮಾನ್ಯವಾಗಿ ಮೊದಲ 60 ದಿನ ಆಗುವುದಿಲ್ಲ.

ಮೂರರಲ್ಲಿ ಯಾವುದನ್ನೇ ತಗೊಂಡರೂ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ಸೈಟ್ ಮಾಡಿಕೊಡುವ ಹುಡುಗನ ಹೆಸರಿನಲ್ಲಿ ಬೇಡ. ಡಾಟ್ ಇನ್‌ಗೆ ಗುರುತಿನ ದಾಖಲೆ ಕೇಳಬಹುದು, ಹೆಸರು ವಿಳಾಸ ಸರಿಯಾಗಿಯೇ ಕೊಡಿ.

ಗೂಗಲ್ ಡಾಟ್ ಇನ್ ಅನ್ನು ಭಾರತದ ಸೈಟ್ ಎಂಬ ಸೂಚನೆಯಾಗಿ ನೋಡುತ್ತದೆ. ಗಿರಾಕಿಗಳೆಲ್ಲ ಶಿವಮೊಗ್ಗ, ಬೆಂಗಳೂರಿನವರೇ ಆದ್ದರಿಂದ ಅತ್ತಿಗೆಗೆ ಅದು ಲಾಭವೇ. ಅಮೆರಿಕದ ಕನ್ನಡಿಗರಿಗೆ ಪಾರ್ಸೆಲ್ ಕಳಿಸುವುದೇ ನಿಮ್ಮ ಮುಖ್ಯ ವ್ಯಾಪಾರವಾದರೆ ಡಾಟ್ ಕಾಮ್ ತಗೊಳ್ಳಿ, ವಾದ ಮಾಡುವುದಿಲ್ಲ. ಈಗ ಸೈಟ್ ಮತ್ತು ಇಮೇಲ್ ಎರಡೂ ಡಾಟ್ ಇನ್‌ನಲ್ಲಿವೆ. ಡಾಟ್ ಕಾಮ್ ಒತ್ತಿದವರನ್ನು ಅಲ್ಲಿಗೇ ತಿರುಗಿಸಿದ್ದೇನೆ, ಬಾಟಲಿ ಲೇಬಲ್ ಮೇಲೆ ಡಾಟ್ ಭಾರತ ಅಚ್ಚಾಗಿದೆ. ಮುಂದಿನ ನವೀಕರಣಕ್ಕೆ ಒಂದನ್ನು ಬಿಡಬೇಕಾದರೆ ಬಿಡುವುದು ಡಾಟ್ ಕಾಮನ್ನೇ.