ಮಳೆಗಾಲದಲ್ಲಿ ಮೆಚ್ಚಿಗೆ, ಚಳಿಯಲ್ಲಿ ಗೊಣಗಾಟ: ಹಳೆಯ ಟ್ರ್ಯಾಕ್ ಲೋಡರಿಗೆ 68 ನಂಬರ್ ಆಯಿಲ್

ಶಿರಸಿ ಕಡೆ ಹಳೆಯ ಟ್ರ್ಯಾಕ್ ಲೋಡರ್ (ಚಕ್ರದ ಬದಲು ರಬ್ಬರ್ ಪಟ್ಟಿಯ ಮೇಲೆ ಓಡುವ, ಮಣ್ಣು ಎತ್ತುವ ಯಂತ್ರ) ನೋಡಲು ಹೋದವರು ಮೊದಲು ರಬ್ಬರ್ ಟ್ರ್ಯಾಕ್ ಎಷ್ಟು ಸವೆದಿದೆ ಎಂದು ಬಗ್ಗಿ ನೋಡುತ್ತಾರೆ. ತೋಳು, ಟ್ರ್ಯಾಕುಗಳನ್ನು ಆಯಿಲಿನ ಒತ್ತಡದಿಂದ ಆಡಿಸುವ ಹೈಡ್ರಾಲಿಕ್ಸಿನ ಟ್ಯಾಂಕಿನಲ್ಲಿ ಯಾವ ಆಯಿಲ್ ಇದೆ ಎಂದು ಕೇಳುವವರು ಕಡಿಮೆ. ನಾನು ಕೇಳಿದೆ. ಮಾರುವವರಿಗೇ ಗೊತ್ತಿರಲಿಲ್ಲ. “ಲೆವೆಲ್ ಸರಿ ಇದೆ ನೋಡಿ” ಎಂದರು. ಲೆವೆಲ್ ಸರಿಯೇ ಇತ್ತು, ಬಣ್ಣ ಮಾತ್ರ ಹಾಲು ಹೆಚ್ಚಾದ ಚಹಾದಂತಿತ್ತು, ಅಂದರೆ ನೀರು ಕಲಸಿಕೊಂಡಿತ್ತು.

ಈ ಗಾತ್ರದ ಲೋಡರುಗಳಲ್ಲಿ ಕೆಲವು ತಯಾರಕರು ಹೈಡ್ರಾಲಿಕ್ಸಿಗೂ 10ಡಬ್ಲ್ಯು-30 ಎಂಜಿನ್ ಆಯಿಲನ್ನೇ ಸೂಚಿಸುತ್ತಾರೆ. ನನ್ನ ಯಂತ್ರದ ಕೈಪಿಡಿ ಅದಕ್ಕೂ ಒಪ್ಪುತ್ತದೆ, ಸವೆತ ತಡೆಯುವ ಹೈಡ್ರಾಲಿಕ್ ಆಯಿಲಿಗೂ ಒಪ್ಪುತ್ತದೆ. ಒಣ ಊರಿನವರು ಅಗ್ಗವಾದದ್ದನ್ನು ಹಾಕಿ ಸುಮ್ಮನಿರಬಹುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಹಗಲು ಕಾದ ಟ್ಯಾಂಕು ರಾತ್ರಿ ತಣಿಯುವಾಗ ಆ ಗಾಳಿಯನ್ನು ಬ್ರೀದರ್ (ಟ್ಯಾಂಕಿನ ಗಾಳಿಕಿಂಡಿ) ಮೂಲಕ ಎಳೆದುಕೊಳ್ಳುತ್ತದೆ, ಒಳಗೆ ನೀರು ಹನಿಗಟ್ಟುತ್ತದೆ. ಎಂಜಿನ್ ಆಯಿಲಿನ ಡಿಟರ್ಜೆಂಟ್ ಆ ನೀರನ್ನು ಬಿಡುವುದಿಲ್ಲ, ಕಲಸಿಕೊಂಡು ಪಂಪಿನವರೆಗೆ ಒಯ್ಯುತ್ತದೆ. ಹೈಡ್ರಾಲಿಕ್ ಆಯಿಲ್ ನೀರನ್ನು ಕೆಳಗೆ ಬಿಟ್ಟುಕೊಡುತ್ತದೆ. ನಾನು ಹೈಡ್ರಾಲಿಕ್ ಆಯಿಲನ್ನೇ ಹಾಕಲು ಇದೊಂದೇ ಕಾರಣ ಸಾಕಾಯಿತು. ಹಾಕಿದ್ದು 68 ನಂಬರ್ (ನಂಬರ್ ಎಂದರೆ ದಪ್ಪದ ಅಳತೆ, 46 ಇದಕ್ಕಿಂತ ತೆಳು). ಸರ್ವೋ, ಎಂಕ್ಲೋ, ಮ್ಯಾಕ್ ಎಂದು ಮೂರು ಸರ್ಕಾರಿ ತೈಲ ಕಂಪನಿಗಳ ಹೆಸರಿನಲ್ಲೂ ಇದು ಸಿಗುತ್ತದೆ. ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರುವುದಿಲ್ಲ.

ಮಳೆಗಾಲದ ಬೆಳಗ್ಗೆ ನನಗೊಂದು ಕೆಲಸವಿದೆ. ಯಂತ್ರ ಚಾಲೂ ಮಾಡುವ ಮೊದಲು, ರಾತ್ರಿಯಿಡೀ ಅಲುಗಾಡದೆ ನಿಂತ ಟ್ಯಾಂಕಿನ ತಳದ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸಿ ಕೆಳಗೆ ಗಾಜಿನ ಬಾಟಲಿ ಹಿಡಿಯುತ್ತೇನೆ. ಮೊದಲು ನೀರು ತೊಟ್ಟಿಕ್ಕುತ್ತದೆ, ಆಮೇಲೆ ಜೇನುಬಣ್ಣದ ಆಯಿಲ್ ಇಳಿಯುತ್ತದೆ. ಆಯಿಲ್ ಕಂಡ ಕ್ಷಣ ಪ್ಲಗ್ಗು ಬಿಗಿ. ಸಂಶಯ ಬಂದರೆ ಬಿಸಿ ಮಾಡಿದ ಹಳೆಯ ಕಾವಲಿಯ ಮೇಲೆ ಒಂದು ಹನಿ ಬಿಡುತ್ತೇನೆ. ಚಟಪಟ ಎಂದರೆ ನೀರಿನ್ನೂ ಇದೆ. (ಆ ಕಾವಲಿ ಅಡುಗೆಮನೆಗೆ ಮತ್ತೆ ಹೋಗಿಲ್ಲ, ಹೋಗುವುದೂ ಇಲ್ಲ.) ಈ ಬಾಟಲಿ ನೋಡುವ ಸುಖಕ್ಕೇ ಬೇಗ ಏಳುತ್ತೇನೆ ಎಂದರೆ ಮನೆಯವರು ನಗುತ್ತಾರೆ.

ಹಳೆಯ ಯಂತ್ರ ಕೊಂಡವರಿಗೆ ಒಂದು ಮಾತು. ಟ್ಯಾಂಕು ಖಾಲಿ ಮಾಡಿದರೆ ಆಯಿಲ್ ಪೂರ್ತಿ ಬದಲಾಗುವುದಿಲ್ಲ. ಸಿಲಿಂಡರು, ಹೋಸ್ ಪೈಪು, ಟ್ರ್ಯಾಕ್ ಮೋಟಾರುಗಳಲ್ಲಿ ಹಳೆಯದು ಕುಳಿತಿರುತ್ತದೆ. ಅದು ಎಂಜಿನ್ ಆಯಿಲ್ ಆಗಿದ್ದರೆ ಹೊಸದರ ನೀರು ಬಿಡುವ ಗುಣವನ್ನೂ ಕೆಡಿಸುತ್ತದೆ. ಒಮ್ಮೆ ಹೊಸದು ಹಾಕಿ ಎಲ್ಲ ತೋಳುಗಳನ್ನೂ ಆಡಿಸಿ, ಆ ಆಯಿಲನ್ನೂ ಹೊರಗೆ ಇಳಿಸಿ, ಫಿಲ್ಟರ್ ಬದಲಿಸಿ, ಮತ್ತೆ ತುಂಬಬೇಕು. ಜೇಬಿಗೆ ಹೊಡೆತವೇ, ಆದರೆ ಪಂಪಿನ ಬೆಲೆ ಕೇಳಿ ನೋಡಿ.

ಏಪ್ರಿಲ್‌ನಲ್ಲಿ ದೇವಿಮನೆ ಘಟ್ಟ ಇಳಿಸಿ ಕುಮಟಾದ ಕಡೆ ಚಿರೆಕಲ್ಲಿನ ನೆಲ ಸಮ ಮಾಡಿಸಿದಾಗಲೂ 68 ಸೋಲಲಿಲ್ಲ. ಕೆಂಪು ಧೂಳಿಗೆ ಆಯಿಲ್ ತಣಿಸುವ ಕೂಲರ್ ಕಟ್ಟಿಕೊಳ್ಳುತ್ತದೆ, ಅದನ್ನು ಊದಿಸುತ್ತಿದ್ದರೆ ಸಾಕು. 46 ಹಾಕಿದ್ದ ಪರಿಚಯದವರ ಯಂತ್ರ ಅದೇ ಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಬಕೆಟ್ ಎತ್ತಲು ತಡವರಿಸುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಡಿಸೆಂಬರ್ ಬರುತ್ತದೆ. ಅಡಿಕೆ ತೋಟದ ತಗ್ಗಿನಲ್ಲಿ ಮಂಜು ಇಳಿದ ಬೆಳಗ್ಗೆ ಇದೇ ಆಯಿಲ್ ಮಹಾ ಸೋಮಾರಿ. ತೋಳು ನಿಧಾನ, ಪಂಪು ಕೊರಗುತ್ತದೆ. ಆಗ ಜೋರು ಮಾಡಿದರೆ ಪಂಪಿಗೇ ಪೆಟ್ಟು. ಆಯಿಲ್ ಬೆಚ್ಚಗಾಗುವವರೆಗೆ ಎಂಜಿನ್ ಸಣ್ಣಗೆ ಓಡಿಸುತ್ತ ಕಾಯಬೇಕು. ದಿನಗೂಲಿಯವರು ಬುಟ್ಟಿ ಹಿಡಿದು ನಿಂತಿರುತ್ತಾರೆ, ಡೀಸೆಲ್ ಸುಮ್ಮನೆ ಉರಿಯುತ್ತಿರುತ್ತದೆ. ಘಟ್ಟದ ಮೇಲೆಯೇ ದುಡಿಯುವ ಯಂತ್ರಕ್ಕೆ ನಾನು 68 ಹೇಳುವುದಿಲ್ಲ. ಎಚ್‌ವಿ 46 ಎಂಬುದಿದೆ. ಚಳಿಗೆ ಅಷ್ಟು ದಪ್ಪವಾಗದು, ಬಿಸಿಲಿಗೆ ಅಷ್ಟು ತೆಳುವಾಗದು. ದರ ಹೆಚ್ಚು.

ಉಳಿತಾಯಕ್ಕೆಂದು ಇಡೀ ಬ್ಯಾರಲ್ ತರುವುದಾದರೆ ಹೊರಗೆ ನೆಟ್ಟಗೆ ನಿಲ್ಲಿಸಬೇಡಿ. ಮುಚ್ಚಳದ ಮೇಲೆ ನಿಂತ ಮಳೆನೀರನ್ನು ಬ್ಯಾರಲ್ ತಣಿಯುವಾಗ ಬಿರಡೆಯ ಸಂದಿಯಿಂದ ಒಳಗೆಳೆದುಕೊಳ್ಳುತ್ತದೆ. ಎರಡೂ ಬಿರಡೆ ಅಡ್ಡಸಾಲಿಗೆ ಬರುವಂತೆ, ಆಯಿಲಿನ ಮಟ್ಟಕ್ಕಿಂತ ಕೆಳಗಿರುವಂತೆ ಮಲಗಿಸಬೇಕು. ನನ್ನದು ಕೊಟ್ಟಿಗೆಯಲ್ಲಿ ಹಾಗೆ ಮಲಗಿದೆ, ಜಾಗ ತಿನ್ನುತ್ತದೆ ಎಂದು ತಕರಾರೂ ಇದೆ. ದೀಪಾವಳಿಯೊಳಗೆ ಖಾಲಿಯಾದರೆ ಮುಂದಿನದು ಎಚ್‌ವಿ 46, ಅದೂ ಸಣ್ಣ ಡಬ್ಬದಲ್ಲಿ.